ಖಜಾನೆಯ ಎರಡನೇ ಕೀಲಿ

ರಜೆಗೆ ಬಂದ ಮೊಮ್ಮಗಳು ಕಾಗದದ ಮೇಲೆ ತನ್ನದೇ ಒಂದು ಪಟ್ಟಣ ಬರೆದಿದ್ದಳು. ಕೋಟೆ, ಕೆರೆ, ಹಾರುವ ಕುದುರೆಗಳ ಲಾಯ.

"ಖಜಾನೆ ಕೀಲಿ ಯಾರ ಹತ್ರ ಪುಟ್ಟಿ?"

"ರಾಣಿ ಹತ್ರ. ರಾಣಿ ನಾನೇ, ತಾತ!"

"ಲೆಕ್ಕ ಕೇಳೋರು?"

ಸುಮ್ಮನಾದಳು. ನಮ್ಮ ಬ್ಯಾಂಕಿನಲ್ಲಿ ಮ್ಯಾನೇಜರ್ ಬಳಿ ಒಂದು ಕೀಲಿ, ಕ್ಯಾಷಿಯರ್ ಬಳಿ ಇನ್ನೊಂದು. ಇಬ್ಬರೂ ಬಂದರೇ ತಿಜೋರಿ ತೆರೆಯುತ್ತಿತ್ತು.

ಅವಳಿಗೆ ಕಂಚಿ ಸಮೀಪದ ಉತ್ತರಮೇರೂರಿನ ಸಂಗತಿ ಹೇಳಿದೆ. ಚೋಳ ದೊರೆ ಪರಾಂತಕನ ಕಾಲದಲ್ಲಿ, ಕ್ರಿ.ಶ. 921ರ ಹೊತ್ತಿಗೆ, ಊರಸಭೆಯ ನಿಯಮಗಳನ್ನು ದೇವಸ್ಥಾನದ ಗೋಡೆಯಲ್ಲೇ ಕೆತ್ತಿಸಿದ್ದರು. ಊರಿಗೆ 30 ಕೇರಿ. ಹೆಸರುಗಳನ್ನು ಓಲೆಯಲ್ಲಿ ಬರೆದು ಗಡಿಗೆಗೆ ಹಾಕಿ, ಏನೂ ಅರಿಯದ ಹುಡುಗನ ಕೈಯಿಂದ ಎತ್ತಿಸುವುದು. ಅಧಿಕಾರ ಒಂದೇ ವರ್ಷ. ಹಿಂದೆ ಲೆಕ್ಕ ಒಪ್ಪಿಸದವನ ಹೆಸರಷ್ಟೇ ಅಲ್ಲ, ಅವನ ನೆಂಟರ ಹೆಸರೂ ಗಡಿಗೆಗೆ ಬೀಳುವಂತಿಲ್ಲ! (ಗುಮಾಸ್ತನಾದ ನನಗೆ ಇದೇ ಬಹಳ ಹಿಡಿಸಿದ್ದು.) ವಯಸ್ಸು 35ರಿಂದ 70.

"ಹಾಗಾದ್ರೆ ನಿಂಗೆ ಚಾನ್ಸ್ ಇಲ್ಲ ತಾತ."

ಸ್ವಂತ ಜಮೀನು, ವೇದವಿದ್ಯೆ ಇದ್ದ ಗಂಡಸರಿಗಷ್ಟೇ ಎಂದಾಗ ಅವಳಿಗೆ ಸಿಟ್ಟು ಬಂತು. "ನನ್ನೂರಲ್ಲಿ ಎಲ್ಲರ ಹೆಸರೂ ಹಾಕ್ತೀನಿ!"

ಚೊಂಬಿಗೆ ಚೀಟಿ ಹಾಕಿದಳು. ಓದಲು ಬಾರದ ಪುಟ್ಟ ತಮ್ಮ ಒಂದನ್ನು ಎತ್ತಿದ. ಕುದುರೆ ಮೇಯಿಸುವವಳು ಖಜಾಂಚಿಯಾದಳು. ರಾಣಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು, ಆಮೇಲೆ ಚಿತ್ರದಲ್ಲಿ ಎರಡನೇ ಕೀಲಿ ಬರೆದಳು.