ಕೊಡ ಹೊರುವವಳನ್ನು ಕೇಳಿದಿರಾ?

ಊರಿಗೊಂದು ನಲ್ಲಿ ಬರುತ್ತದೆ. ಅದನ್ನು ಎಲ್ಲಿ ಹಾಕಬೇಕೆಂದು ಗಂಡಸರು ಬೀದಿಯಲ್ಲಿ ನಿಂತು ತೀರ್ಮಾನಿಸುತ್ತಾರೆ. ದಿನವೂ ಕೊಡ ಹೊರಬೇಕಾದವಳು ಅಡುಗೆ ಮನೆಯಲ್ಲಿರುತ್ತಾಳೆ. ಕೆ.ಆರ್. ಪೇಟೆ ತಾಲೂಕಿನ ಶೀಳನೆರೆಯೇ ಇರಲಿ, ಪಟ್ಟಣದ ಮೊಹಲ್ಲಾವೇ ಇರಲಿ, ಈ ದೃಶ್ಯ ನಮಗೆ ಹೊಸತಲ್ಲ.

ಬಳಸುವವರನ್ನು ಕೇಳದೆ ಮಾಡಿದ ಯೋಜನೆ ಏನಾಗುತ್ತದೆ? ಕೇಳಿ ಮಾಡಿದರೆ ಏನಾಗುತ್ತದೆ? ಎರಡಕ್ಕೂ ಉತ್ತರ ನಾಗಮಂಗಲದ ನೆರೆಯ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕಲಿಯಬೇಕೆಂಬುದು ಅವರ ಆಸೆ. ಅದಕ್ಕಾಗಿ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಇಂಧನದ ಲೆಕ್ಕ ಬರೆದರು. ಅದರಲ್ಲಿ ಬಹುದೊಡ್ಡ ಪಾಲು ಅಡುಗೆಯ ಸೌದೆ. ಅದನ್ನು ಆರಿಸಿ ತರುವ ಹೊರೆಯ ಬಹುಪಾಲು ಹೆಂಗಸರು ಮತ್ತು ಮಕ್ಕಳದ್ದು.

ಹಾಗಾದರೆ ಸಗಣಿಯಿಂದ ಗ್ಯಾಸ್ ತಯಾರಿಸಿ ಊರಿಗೆಲ್ಲ ಅಡುಗೆಗೆ ಕೊಡೋಣ ಎಂದುಕೊಂಡರು. ಉದ್ದೇಶ ಒಳ್ಳೆಯದೇ. ಆದರೆ ಊರಿನ ದನಗಳ ಸಗಣಿ ಅಷ್ಟು ಮನೆಗಳ ಒಲೆಗೆ ಸಾಲಲಿಲ್ಲ. ಯೋಜನೆ ಸೋತಿತು.

ವಿಜ್ಞಾನಿಗಳು ಗಂಟು ಕಟ್ಟಿಕೊಂಡು ಹೊರಡಲಿಲ್ಲ. ನಿಮಗೆ ಮೊದಲು ಬೇಕಾದದ್ದೇನು ಎಂದು ಊರವರನ್ನು ಕೇಳಿದರು. ಬಂದ ಉತ್ತರ: ಕುಡಿಯುವ ನೀರು. ಇದ್ದಷ್ಟು ಗ್ಯಾಸಿನಿಂದಲೇ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸಲಾಯಿತು. 1987ರಲ್ಲಿ ಪುರದ ಮನೆಗಳಿಗೆ ದೀಪ ಬಂತು, ಕೊಳವೆ ಬಾವಿಯ ನೀರು ನಲ್ಲಿಗೆ ಬಂತು. ಮನೆಯವರು ಸಗಣಿ ತಂದು ತೂಗಿಸಿ ಹಣ ಪಡೆಯುತ್ತಿದ್ದರು. ಗ್ಯಾಸ್ ತೆಗೆದು ಉಳಿದದ್ದು ಗೊಬ್ಬರವಾಗಿ ಹಿಂದಕ್ಕೆ ಬರುತ್ತಿತ್ತು. ಲೆಕ್ಕಪತ್ರ, ಮೇಲ್ವಿಚಾರಣೆ ಊರಿನ ಸಮಿತಿಯದು. ಯಂತ್ರ ನೋಡಿಕೊಂಡವರು ಊರಿನ ಯುವಕರು.

ವರ್ಷಗಳ ಕಾಲ ನಡೆದ ಆ ಸ್ಥಾವರ ಕೊನೆಗೆ ನಿಂತುಹೋಯಿತು ಎಂಬುದನ್ನೂ ಹೇಳಬೇಕು. ಆರಂಭದಲ್ಲಿ ಒಮ್ಮೆ ಕೇಳಿದರೆ ಸಾಲದು. ರಿಪೇರಿ ಯಾರು ಮಾಡಿಸುತ್ತಾರೆ, ಹಣ ಎಲ್ಲಿಂದ ಎಂದು ಕೊನೆಯವರೆಗೂ ಕೇಳುತ್ತಲೇ ಇರಬೇಕು.

ಇದೇ ತಂಡ ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯ 'ಅಸ್ತ್ರ ಒಲೆ'ಯನ್ನೂ ರೂಪಿಸಿತು. ಕಡಿಮೆ ಸೌದೆಯಲ್ಲಿ ಅಡುಗೆಯಾಗಬೇಕು, ಹೊಗೆ ಮನೆಯೊಳಗೆ ತುಂಬಬಾರದು. ಆದರೆ ಒಲೆಯ ಬಾಯಿ ಪಾತ್ರೆಗೆ ಸರಿಹೊಂದದಿದ್ದರೆ ಹೊಗೆ ಹೊರಗೆ ನುಗ್ಗುತ್ತದೆ. ಮುದ್ದೆ ತಿರುವುವಾಗ ಪಾತ್ರೆ ಅಲುಗಿದರೆ ಕೈ ಸುಡುತ್ತದೆ. ತನ್ನ ಮನೆಯ ಪಾತ್ರೆಯ ಅಳತೆ ಅಡುಗೆ ಮಾಡುವವಳಿಗಲ್ಲದೆ ಇನ್ನಾರಿಗೆ ಗೊತ್ತು?

ಸಹೋದರಿಯರೇ, ನಿಮ್ಮ ಬೀದಿಯಲ್ಲೂ ನಾಳೆ ಶೌಚಾಲಯವೋ, ಅಂಗನವಾಡಿಯೋ, ಸಮುದಾಯ ಭವನವೋ ಬರಬಹುದು. ನಕ್ಷೆ ತಯಾರಾಗುವ ಮೊದಲೇ ಸ್ತ್ರೀಶಕ್ತಿ ಸಂಘದಲ್ಲಿ, ಜಮಾಅತ್‌ನಲ್ಲಿ, ಗ್ರಾಮಸಭೆಯಲ್ಲಿ ಬಾಯಿ ಬಿಡಿ. ಬಾಗಿಲು ಯಾವ ಕಡೆ? ರಾತ್ರಿ ದೀಪ ಇದೆಯೇ? ವಯಸ್ಸಾದ ಅತ್ತೆ ಮೆಟ್ಟಿಲು ಹತ್ತಬಲ್ಲರೇ? ಬೀಗದ ಕೈ ಯಾರ ಬಳಿ?

ಕಟ್ಟಿದ ಮೇಲೆ ಗೊಣಗುವುದಕ್ಕಿಂತ ಕಟ್ಟುವ ಮೊದಲು ಹೇಳುವುದು ಮೇಲು.