ಮಕ್ಕಳು ಕೊಟ್ಟಿಗೆಗೆ ಬಂದಾಗ



ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಿಂದ ದುಡಿಮೆಗಾಗಿ ಬೆಂಗಳೂರು, ಮುಂಬಯಿಗೆ ಹೋದ ಕುಟುಂಬಗಳು ಹಬ್ಬಕ್ಕೆ, ಜಾತ್ರೆಗೆ, ಬೇಸಿಗೆ ರಜೆಗೆ ಊರಿಗೆ ಬರುತ್ತವೆ. ಬಂದ ಮಕ್ಕಳು ಮೊದಲು ಓಡುವುದು ಕುರಿಮರಿಗಳ ಬಳಿಗೆ. ಓಡಲಿ, ದನಕರುಗಳ ಒಡನಾಟ ಮಕ್ಕಳಿಗೆ ಒಳ್ಳೆಯದೇ. ಆದರೆ ನೋಡಲು ಆರೋಗ್ಯವಾಗಿರುವ ಪ್ರಾಣಿಯ ಸಗಣಿ, ಹಿಕ್ಕೆ, ಮೈಕೂದಲುಗಳಲ್ಲಿಯೂ ರೋಗಾಣುಗಳಿರಬಹುದು. ಅವು ಬಹುಮಟ್ಟಿಗೆ ಕೈಯಿಂದ ಬಾಯಿಗೆ ಸೇರುತ್ತವೆ. ಐದು ವರ್ಷದೊಳಗಿನ ಮಕ್ಕಳು ಬೆರಳು ಚೀಪುವುದು ಹೆಚ್ಚು. ವಾಂತಿಭೇದಿಯಾದರೆ ಬೇಗನೆ ನಿತ್ರಾಣರಾಗುತ್ತಾರೆ.

ಕೈ ತೊಳೆಯುವ ಕ್ರಮ

ಕೊಟ್ಟಿಗೆಯ ಅಥವಾ ಕುರಿಹಟ್ಟಿಯ ಬಾಗಿಲಲ್ಲೇ ಒಂದು ಕೊಡ ನೀರು, ತಂಬಿಗೆ, ಸಾಬೂನು ಇಡಿರಿ. ಕೊಡದಲ್ಲಿ ಕೈ ಅದ್ದಲು ಬಿಡಬಾರದು. ದೊಡ್ಡವರು ತಂಬಿಗೆಯಿಂದ ನೀರು ಹಾಕಬೇಕು. ಸಾಬೂನು ಹಚ್ಚಿ ಬೆರಳಸಂದಿ, ಉಗುರುಗಳನ್ನು 20 ಸೆಕೆಂಡಾದರೂ ಉಜ್ಜಿಸಿರಿ. ಸಗಣಿ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಪ್ರಾಣಿಗಳ ಬಳಿ ಶೇಂಗಾ, ಚುರುಮುರಿ ತಿನ್ನಲು ಕೊಡಬೇಡಿರಿ. ಮರಿಗೆ ಮುತ್ತಿಡುವುದನ್ನೂ ಬಿಡಿಸಿರಿ.

ನೊರೆಹಾಲು ಬೇಡ

ಕರೆದ ಕೂಡಲೇ ಬೆಚ್ಚಗಿನ ನೊರೆಹಾಲನ್ನು ಮಕ್ಕಳಿಗೆ ಪ್ರೀತಿಯಿಂದ ಕುಡಿಸುವ ರೂಢಿ ನಮ್ಮಲ್ಲಿದೆ. ಆಕಳದಿರಲಿ, ಎಮ್ಮೆ, ಆಡಿನದಿರಲಿ, ಹಾಲನ್ನು ಉಕ್ಕಿಸಿಯೇ ಕೊಡಿರಿ. ಬ್ರೂಸೆಲ್ಲೋಸಿಸ್ ಎಂಬ ಕಂದು ಹಾಕುವ ರೋಗ ಹಸಿ ಹಾಲಿನಿಂದ ಮನುಷ್ಯರಿಗೆ ತಗಲುತ್ತದೆ.

ಈಯುವ ಕಾಲ

ಇದೇ ರೋಗ, ಕಂದು ಹಾಕಿದ ಪ್ರಾಣಿಯ ಮಾಸು ಹಾಗೂ ಸ್ರಾವದಿಂದ, ಕೈಯ ಸಣ್ಣ ಗಾಯದ ಮೂಲಕವೂ ಬರುತ್ತದೆ. ಆದ್ದರಿಂದ ಕುರಿ, ಆಕಳು ಈಯುವಾಗ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿರಿ. ಮಾಸನ್ನು ಬರಿಗೈಯಿಂದ ಮುಟ್ಟದೆ, ನಾಯಿಗೆ ಹಾಕದೆ, ಸುಣ್ಣ ಹಾಕಿ ಆಳವಾಗಿ ಹೂಳಿರಿ. ಕಂದು ಹಾಕಿದರೆ ಪಶುವೈದ್ಯರಿಗೆ ತಿಳಿಸಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆಯನ್ನು ಒಮ್ಮೆ ತಪ್ಪದೆ ಹಾಕಿಸಿರಿ.

ವೈದ್ಯರಿಗೆ ಹೇಳಬೇಕಾದದ್ದು

ಭೇದಿಯಾದರೆ ಒಡನೆ ಓ.ಆರ್.ಎಸ್. ನೀರು ಕುಡಿಸಿರಿ. ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾದರೆ ಆಸ್ಪತ್ರೆಗೆ ಒಯ್ಯಿರಿ. ಬ್ರೂಸೆಲ್ಲೋಸಿಸ್ ಜ್ವರ ಕೆಲವು ವಾರಗಳ ನಂತರವೂ ಕಾಣಿಸಬಹುದು. ಅಷ್ಟರಲ್ಲಿ ಮಗು ಪಟ್ಟಣಕ್ಕೆ ಮರಳಿರುತ್ತದೆ, ಊರಿನ ಕೊಟ್ಟಿಗೆ ಯಾರಿಗೂ ನೆನಪಾಗುವುದಿಲ್ಲ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದ್ದರೆ, ಮಗು ಕುರಿದನಗಳ ಜೊತೆ ಆಡಿದ್ದನ್ನು, ಹಸಿ ಹಾಲು ಕುಡಿದದ್ದನ್ನು ವೈದ್ಯರಿಗೆ ಹೇಳಬೇಕೆಂದು ತಂದೆತಾಯಿಗೆ ಊರು ಬಿಡುವ ಮೊದಲೇ ತಿಳಿಸಿರಿ. ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ, ಸರಿಯಾದ ಔಷಧ ಬೇಗ ದೊರೆಯುತ್ತದೆ.