ಮಕ್ಕಳ ಆಟಿಕೆಗಳೂ ತೋಟದ ಸೊನೆಯೂ

ಕಾರ್ಕಳ ತಾಲ್ಲೂಕಿನ ಬಜಗೋಳಿಯ ಆಸುಪಾಸಿನಲ್ಲಿ ಗೇರು, ರಬ್ಬರು, ಅಡಕೆಯ ತೋಟಗಳು ಹೇರಳವಾಗಿರುವುದರಿಂದ, ಮಕ್ಕಳ ಆಟಿಕೆಗೆ ಬೇಕಾದ ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾದ ಅಗತ್ಯವು ಅಷ್ಟಾಗಿ ಬೀಳುವುದಿಲ್ಲ. ಮನೆಯಲ್ಲಿಯೇ ಮಾಡಿದ ಗಿಲಕಿ, ಚೆಂಡು, ಬಟ್ಟೆಯ ಬೊಂಬೆಗಳು ಅಗ್ಗವೂ ಹೌದು, ಚೆಂದವೂ ಹೌದು. ಆದರೆ ತೋಟದಲ್ಲಿ ಬೆಳೆದುದೆಲ್ಲವೂ ಶಿಶುವಿನ ಚರ್ಮಕ್ಕೆ ಒಗ್ಗುವುದೆಂಬ ನಂಬಿಕೆಯು ಸರಿಯಲ್ಲ.

ಗೇರನ್ನೇ ನೋಡಬಹುದು. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದ ಈ ಮರದ ಬೀಜದ ಸಿಪ್ಪೆಯಲ್ಲಿ ಕಂದುಬಣ್ಣದ ತೀಕ್ಷ್ಣವಾದ ಎಣ್ಣೆಯಿರುತ್ತದೆ. ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ದ್ರವ್ಯಗಳು ಅದರಲ್ಲಿ ಮುಖ್ಯವಾದವು. ಸಿಪ್ಪೆಸಹಿತವಾದ ಬೀಜಗಳನ್ನು ಗೆರಟೆಯೊಳಗೆ ತುಂಬಿ ಗಿಲಕಿ ಮಾಡುವುದಾಗಲಿ, ದಾರಕ್ಕೆ ಪೋಣಿಸಿ ಸರ ಮಾಡುವುದಾಗಲಿ ಸರ್ವಥಾ ಕೂಡದು. ಮಗುವು ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗಿಡುವುದಷ್ಟೆ. ಸಿಪ್ಪೆಯನ್ನು ಕಚ್ಚಿದರೆ ತುಟಿಯಲ್ಲಿ ಗುಳ್ಳೆಗಳೇಳುತ್ತವೆ. ಕೇಡು ಎರಡು ಬಗೆಯದು. ಎಣ್ಣೆಯು ತಗಲಿದಲ್ಲಿ ಚರ್ಮವನ್ನು ಸುಡುವುದು ಒಂದು. ಒಮ್ಮೆ ಅದನ್ನು ಶತ್ರುವೆಂದು ಗುರುತಿಸಿಕೊಂಡ ಶರೀರವು ಮುಂದೆ ಅಲ್ಪಸ್ಪರ್ಶಕ್ಕೂ ಕೆರಳುವುದು ಇನ್ನೊಂದು. ಎರಡನೆಯದನ್ನು ವೈದ್ಯರು ಅಲರ್ಜಿ ಎನ್ನುತ್ತಾರೆ. ಇದರ ತುರಿಕೆಯು ಒಂದೆರಡು ದಿನಗಳಾದ ಮೇಲೆ ಕಾಣಿಸಿಕೊಳ್ಳುವುದರಿಂದ, ಮನೆಯವರು ಕಾರಣವನ್ನು ಆ ದಿನದ ಊಟದಲ್ಲಿ ಹುಡುಕುವುದುಂಟು. ಮಾವು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಭಲ್ಲಾತಕ, ಕಾಡಿನ ಚೇರೆ, ಇವೆಲ್ಲವೂ ಗೇರಿನ ಬಳಗದವೇ. ಇವುಗಳ ಹಸಿ ಕಟ್ಟಿಗೆಯಿಂದ ಆಟಿಕೆಯನ್ನು ಕೆತ್ತಲಾಗದು. ಸೊನೆಯು ತಗಲಿದ್ದು ತಿಳಿದೊಡನೆ ಸಾಬೂನು ಹಾಕಿ ಧಾರಾಳವಾದ ನೀರಿನಲ್ಲಿ ತೊಳೆದು, ಮಗುವಿನ ಬಟ್ಟೆಯನ್ನು ಬದಲಾಯಿಸತಕ್ಕದ್ದು.

ರಬ್ಬರಿನ ರೀತಿಯೇ ಬೇರೆ. ಮರದ ಗಾಯದ ಮೇಲೆ ಒಣಗಿದ ಹಾಲಿನ ಎಳೆಗಳನ್ನು ಸುತ್ತಿ ಹುಡುಗರು ಚೆಂಡು ಮಾಡುವರು. ಚೆಂಡು ಪುಟಿಯುವುದೂ ಚೆನ್ನಾಗಿಯೇ. ಆದರೆ ಆ ಹಾಲಿನಲ್ಲಿರುವ ಪ್ರೋಟೀನುಗಳು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಆಗ ದದ್ದು, ಸೀನು, ಉಬ್ಬಸಗಳು ಕೆಲವೇ ನಿಮಿಷಗಳಲ್ಲಿ ತೋರಬಹುದು. ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಲ್ಲಿ ಈ ಭಯವು ಹೆಚ್ಚು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣೂ ಬೆಣ್ಣೆಹಣ್ಣೂ ಸೇರವು. ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಮರದ ಆಟಿಕೆಯೇ ಬೇಕೆನ್ನುವವರಿಗೆ ಚನ್ನಪಟ್ಟಣದ ಕುಶಲಿಗಳ ಕ್ರಮವು ಮೇಲ್ಪಂಕ್ತಿಯಾಗಿದೆ. ಅವರು ಚೆನ್ನಾಗಿ ಒಣಗಿಸಿದ ಆಲೆಮರವನ್ನು ಕಡೆದು, ಬಣ್ಣ ಬೆರೆಸಿದ ಅರಗನ್ನು ತಿರುಗುವ ಮರಕ್ಕೆ ಒತ್ತಿ ಹಚ್ಚುವರು. (ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೊಡುವ ಪಾಲೆಯು ಈ ಮರವಲ್ಲ.) ಮನೆಯಲ್ಲಿ ಉಳಿದ ಹಳೆಯ ಬಣ್ಣದ ಡಬ್ಬಿಯನ್ನು ಮಾತ್ರ ಆಟಿಕೆಗಾಗಿ ತೆರೆಯಲಾಗದು, ಅದರಲ್ಲಿ ಸೀಸವಿರಬಹುದು.

ಬಟ್ಟೆಯ ಬೊಂಬೆಗೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಗಿಂತ ಉತ್ತಮವಾದುದಿಲ್ಲ. ಹೊಸ ಬಟ್ಟೆಯಾದರೆ ಗಂಜಿಯೂ ಹೆಚ್ಚಿನ ಬಣ್ಣವೂ ಹೋಗುವಂತೆ ಎರಡು ಸಲ ಒಗೆದು ಬಳಸುವುದು ಲೇಸು. ಒಳಗೆ ಬೂರುಗದ ಹತ್ತಿಯನ್ನು ತುಂಬುವ ರೂಢಿಯುಂಟು. ಆದರೆ ಕರಾವಳಿಯ ಮಳೆಗಾಲದ ತೇವದಲ್ಲಿ ಇಂಥ ತುಂಬುಗಳು ಧೂಳುನುಸಿಗಳಿಗೆ ನೆಲೆಯಾಗುತ್ತವೆ. ಉಬ್ಬಸವುಳ್ಳ ಮಗುವಿನ ಬೊಂಬೆಗೆ ಹಳೆಯ ಬಟ್ಟೆಯ ಚೂರುಗಳನ್ನೇ ತುಂಬಿ, ಹೊಲಿಗೆಯನ್ನು ಬಿಚ್ಚಲು ಬರುವಂತೆ ಒಂದು ಪಕ್ಕದಲ್ಲಿಟ್ಟು, ಆಗಾಗ 60 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಾದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.